ಹುಟ್ಟುಹಬ್ಬದ ಉಡುಗೊರೆಗೆ ಎಷ್ಟು ಚೀಲ ಸೋಯಾ?

ನಮ್ಮ ಹಿರಿಯರಲ್ಲಿ ಅನೇಕರಿಗೆ ದಾಖಲೆಯಲ್ಲಿ ಒಂದೇ ಹುಟ್ಟುದಿನ: ಜೂನ್ 1. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಅಂದಾಜಿನ ಮೇಲೆ ಬರೆದುಕೊಂಡ ತಾರೀಖು ಅದು. ತಾಯಿಗೆ ನೆನಪಿದ್ದದ್ದು ಸೀಗಿ ಹುಣ್ಣಿಮೆಯ ಆಚೀಚೆ ಎಂದೋ, ಜೋಳದ ರಾಶಿಯ ವೇಳೆ ಎಂದೋ ಅಷ್ಟೇ. ಈಗ ಹಾಗಿಲ್ಲ. ಮಕ್ಕಳು ದವಾಖಾನೆಯಲ್ಲಿ ಹುಟ್ಟುತ್ತವೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗಂತೂ ಶಾಲೆ ಸೇರಲು ಜನನ ಪ್ರಮಾಣ ಪತ್ರವೇ ಆಧಾರ. ತಾರೀಖು ಖಚಿತವಾಯಿತು, ಅದರ ಬೆನ್ನಿಗೆ ಖರ್ಚೂ ಖಚಿತವಾಯಿತು.

ಬೀದರ ಪೇಟೆಯ ರೂಢಿ ಭಾಲ್ಕಿ, ಔರಾದಗಳನ್ನು ದಾಟಿ ನಮ್ಮ ಹಳ್ಳಿಗಳಿಗೂ ಬಂದಿದೆ. ಕೇಕು ಇರಲಿ, ಅದು ಕೂಸಿನ ಬಾಯಿಗೆ ಹೋಗುತ್ತದೆ. ನಾನು ಕೇಳುವುದು ಉಡುಗೊರೆಯ ಮಾತು: ಬ್ಯಾಟರಿ ಮೇಲೆ ಓಡುವ ಮೋಟಾರು, ಗೇರು ಸೈಕಲ್, ಎಂಟು ವರ್ಷದವನ ಕೈಗೆ ಮೊಬೈಲು. ಎಲ್ಲ ಸೇರಿ ಹತ್ತು ಸಾವಿರ ಎಂದಿಟ್ಟುಕೊಳ್ಳಿ. 2025-26ನೇ ಸಾಲಿಗೆ ಸೋಯಾಬೀನಿನ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿ. ಅಂದರೆ ಎರಡು ಕ್ವಿಂಟಲ್ ಹೋಯಿತು. ಅಡತಿಯಲ್ಲಿ ನಾಲ್ಕೂವರೆ ಸಾವಿರಕ್ಕೆ ಇಳಿದರೆ ಎರಡೂ ಸಾಲವು. ಇದು ಮಾರಿದ ಬೆಲೆ ಮಾತ್ರ, ಕೈಗುಳಿದ ಹಣವಲ್ಲ. ಬೀಜ, ಗೊಬ್ಬರ, ಔಷಧಿ, ಕೊಯ್ಲಿನ ಕೂಲಿ, ರಾಶಿ ಯಂತ್ರದ ಬಾಡಿಗೆ ಕಳೆದು ಎಣಿಸಿದರೆ ಎಷ್ಟು ಚೀಲವಾದೀತೆಂದು ತಾವೇ ಹೇಳಿ. ಮಳೆ ನಿಂತು ಹೊಲ ಜೌಗಾದ ವರ್ಷ ಆ ಲೆಕ್ಕವನ್ನೂ ಹಾಕುವಂತಿಲ್ಲ. ಆಗ ಸಂಘದ ಸಾಲವೋ, ತಾಳಿಯ ಗುಂಡೋ ಹೊರಗೆ ಬರುತ್ತದೆ.

ಹಿಂದೆ ಖರ್ಚು ಇರಲಿಲ್ಲವೇ ಎಂದು ಕೇಳುವಿರಿ. ಇತ್ತು. ತೊಟ್ಟಿಲು, ಜವಳ, ಲಗ್ನ, ಎಲ್ಲಕ್ಕೂ ಆಹೇರಿ ಇತ್ತು. ಆದರೆ ಆಹೇರಿಗೆ ಒಂದು ವಹಿ ಇತ್ತು. ಯಾರು ಎಷ್ಟು ಕೊಟ್ಟರೆಂದು ಬರೆದಿಟ್ಟು, ಅವರ ಮನೆಯ ಕಾರ್ಯದಲ್ಲಿ ಮುಯ್ಯಿ ತೀರಿಸುತ್ತಿದ್ದರು. ಹೋದದ್ದು ಕಷ್ಟಕಾಲಕ್ಕೆ ತಿರುಗಿ ಬರುತ್ತಿತ್ತು. ಮೂರು ತಿಂಗಳಿಗೆ ಚಕ್ರ ಕಳಚಿ ಹಿತ್ತಿಲು ಸೇರುವ ಪ್ಲಾಸ್ಟಿಕ್ ಮೋಟಾರಿಗೆ ಯಾವ ವಹಿ?

ಇನ್ನೊಂದು ಸಂಗತಿ ನನಗೆ ಹೆಚ್ಚು ಚುಚ್ಚುತ್ತದೆ. ಊರ ಅಗಸಿಯಲ್ಲಿ, ಬಸ್ ನಿಲ್ದಾಣದಲ್ಲಿ ಕಟ್ಟಿದ ಹುಟ್ಟುಹಬ್ಬದ ಬ್ಯಾನರುಗಳನ್ನು ಒಮ್ಮೆ ಎಣಿಸಿ ನೋಡಿ. ಗಂಡುಹುಡುಗರ ಮುಖ ಎಷ್ಟು, ಹೆಣ್ಣುಮಕ್ಕಳ ಮುಖ ಎಷ್ಟು? ಒಂದೇ ಮನೆಯಲ್ಲಿ ತಮ್ಮನಿಗೆ ಸೈಕಲ್ ಬಂದ ದಿನ, ಅಕ್ಕ ನೆಂಟರ ಎಂಜಲು ತಾಟು ತೊಳೆಯುತ್ತ ಕೂತಿರುತ್ತಾಳೆ. ತನ್ನ ಹುಟ್ಟಿದ ದಿನ ಯಾವಾಗ ಬಂತು, ಯಾವಾಗ ಹೋಯಿತು ಎಂದು ಅವಳು ಬಾಯಿಬಿಟ್ಟು ಕೇಳುವುದಿಲ್ಲ.

ಮಗುವಿಗೆ ಏನೂ ಕೊಡಬೇಡಿ ಎಂದು ಹೇಳುವ ಜಿಪುಣತನ ನನ್ನದಲ್ಲ. ಹೊಸ ಅಂಗಿ ಹೊಲಿಸಿ, ಹೋಳಿಗೆ ಮಾಡಿ, ಓರಗೆಯ ಮಕ್ಕಳನ್ನೆಲ್ಲ ಕರೆಯಿರಿ, ಜೀತಗಾರನ ಮಗನನ್ನೂ ಪಂಕ್ತಿಯಲ್ಲಿ ಕೂರಿಸಿ. ಅನುಕೂಲವಿದ್ದವರು ಮಗುವಿನ ಹೆಸರಿಗೆ ಒಂದು ಆಡಿನ ಮರಿಯನ್ನೋ ದೇವಣಿ ಕರುವನ್ನೋ ಬಿಡಿ. ಮೇವು ಹಾಕುವ ಕೆಲಸ ಅವನದೇ ಆಗಲಿ.

ಹೆಣ್ಣುಮಗುವಿದ್ದವರು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಯನ್ನು ಮರೆಯಬಾರದು. 2015ರಲ್ಲಿ ಆರಂಭವಾದ ಯೋಜನೆ ಇದು. ಮಗುವಿಗೆ ಹತ್ತು ವರ್ಷ ತುಂಬುವ ಮೊದಲೇ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250 ರೂಪಾಯಿಯಂತೆ 15 ವರ್ಷ ಕಟ್ಟಬೇಕು. ತೆರೆದ ದಿನದಿಂದ 21 ವರ್ಷಕ್ಕೆ ಹಣ ಕೈಸೇರುತ್ತದೆ. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಗೊತ್ತುಪಡಿಸುತ್ತದೆ. 2024ರ ಜನವರಿಯಲ್ಲಿ ಶೇ. 8.2 ಎಂದು ಮಾಡಿತು. ಅದೇ ದರ ಉಳಿದರೆ, ಪ್ರತಿ ಹುಟ್ಟುಹಬ್ಬಕ್ಕೆ 2,000 ರೂಪಾಯಿ ಕಟ್ಟಿದ ತಂದೆಯ ಕೈಯಿಂದ ಹೋಗುವುದು ಒಟ್ಟು 30 ಸಾವಿರ, ಮಗಳಿಗೆ ಬರುವುದು ಸುಮಾರು 95 ಸಾವಿರ. ಹತ್ತನೆಯ ತರಗತಿ ಪಾಸಾದ ಮೇಲೆ ಮುಂದಿನ ಓದಿಗೆ ಅರ್ಧದವರೆಗೆ ತೆಗೆಯಲೂ ಬರುತ್ತದೆ.

ಹೋಗುವಾಗ ಮಗುವಿನ ಜನನ ಪ್ರಮಾಣ ಪತ್ರ, ತಂದೆ ಅಥವಾ ತಾಯಿಯ ಆಧಾರ್, ಪ್ಯಾನ್ ಕಾರ್ಡ್ ಮತ್ತು ಭಾವಚಿತ್ರ ಒಯ್ಯಿರಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಪಾಸ್‌ಬುಕ್ಕಿನಲ್ಲಿ ತನ್ನ ಹೆಸರನ್ನು ಅವಳೇ ಓದಲಿ.