ಸಂಸ್ಕೃತಿ ಅವರದು, ಗುದ್ದಲಿ ನಮ್ಮದಾ?



ಇಂಡೋನೇಷ್ಯಾದ ತೊರಾಜ ಜನರ ಸಾವಿನ ವಿಡಿಯೋ ಒಂದನ್ನ ನಮ್ಮ ಗ್ರೂಪಲ್ಲಿ ಯಾರೋ ಹಾಕಿದ್ರು. ಹೆಣವನ್ನ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಮನೇಲೇ ಇಟ್ಕೊಂಡು, ದುಡ್ಡು ಹೊಂದಿಸಿ, ಕೋಣ ಕಡಿದು ದಿನಗಟ್ಟಲೆ ಮಾಡೋ ಸಾವು. ನೋಡೋಕೆ ಟೂರಿಸ್ಟುಗಳು ಬೇರೆ. ಕೆಳಗೆಲ್ಲಾ "ಎಂಥಾ ಸಂಸ್ಕೃತಿ" ಅನ್ನೋ ಕಾಮೆಂಟು. ನಾನೂ ಬೆರಗಾಗೇ ನೋಡ್ದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅಲ್ಲೂ ಹಿಂದೆ ಕುಲೀನರು, ಸಾಮಾನ್ಯರು, 'ಕೌನನ್' ಅನ್ನೋ ಜೀತದವರು ಅಂತ ಮೆಟ್ಟಿಲುಗಳಿದ್ವು. ದೊಡ್ಡ ಸಾವು, ಬಂಡೆಗೂಡಲ್ಲಿ ನಿಲ್ಸೋ ಮರದ ಗೊಂಬೆ ಎಲ್ಲಾ ಮೇಲಿನವರಿಗೆ. ವಿಡಿಯೋದಲ್ಲಿ ಅದು ಕಾಣಲ್ಲ.

ಈಗ ನಮ್ಮ ಸಿರಾ ತಾಲ್ಲೂಕು ಗೌಡಗೆರೆ ಕಡೆಗೆ ಬನ್ನಿ. ಊರಲ್ಲಿ ಯಾರೇ ಸತ್ರೂ ಕೂಗು ಬರ್ತಿದ್ದಿದ್ದು ಕೇರಿಗೆ. ನಮ್ಮ ತಾತ ರಾತ್ರೋರಾತ್ರಿ ನಡ್ಕೊಂಡು ಹೋಗಿ ನೆಂಟರೂರುಗಳಿಗೆ ಸುದ್ದಿ ಮುಟ್ಟಿಸ್ತಿದ್ದ. ಹೋದ ಊರಲ್ಲೂ ಬಾಗಿಲಾಚೆ ನಿಂತೇ ಹೇಳ್ಬೇಕು. ಬಾಬಾಸಾಹೇಬರು 1928ರಲ್ಲೇ ಮುಂಬೈ ಶಾಸನಸಭೇಲಿ ಮಸೂದೆ ತಂದಿದ್ದು ಇಂಥದೇ ವಂಶಪಾರಂಪರ್ಯ ಚಾಕರಿಯ ವಿರುದ್ಧ, ಮಹಾರರ ವತನದ ವಿರುದ್ಧ. ನಮ್ಮ ರಾಜ್ಯದಲ್ಲೂ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲೇ ಬಂತು. ತೋಟಿ, ತಳವಾರಿಕೆ ಕಾಗದದಲ್ಲಿ ಹೋದ್ವು. ಆದ್ರೆ ತಾತನ ಕಾಲಿಗೆ ಬಿಡುವು ಕೊಟ್ಟಿದ್ದು ಮಾತ್ರ ಫೋನು!

ಗುಂಡಿ, ತಮಟೆ ಇನ್ನೂ ಬಿಟ್ಟಿಲ್ಲ. ಜೆಸಿಬಿ ಕರೆಸಿದ್ರೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಎಣಿಸ್ತಾರೆ. ನಮ್ಮಣ್ಣ ತೋಡಿದ್ರೆ ಒಂದು ಕ್ವಾರ್ಟರ್ರು, ಮೇಲೆ "ನಿಮ್ಮ ಮಾಮೂಲಿ ಕಣ್ಲಾ ಇದು" ಅನ್ನೋ ಮಾತು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ಪ್ರಕಾರ ನಮ್ಮವರಿಂದ ಹೆಣ ಹೊರಿಸೋದು, ಗುಂಡಿ ತೋಡಿಸೋದು ಅಪರಾಧ. ಸ್ಮಶಾನಕ್ಕೆ ಅಡ್ಡಿ ಮಾಡೋದೂ ಅಪರಾಧ. ಇದು ಹಟ್ಟಿಯ ಎಷ್ಟು ಹುಡುಗರಿಗೆ ಗೊತ್ತು?

ತಮಟೆ ವಿಚಾರದಲ್ಲಿ ನಮ್ಮೊಳಗೇ ಜಗಳ ಇದೆ. "ಅದು ನಮ್ಮ ಕಲೆ, ಯಾಕೆ ಬಿಡ್ಬೇಕು" ಅಂತಾರೆ ಕೆಲವರು. ಬಿಡಬೇಡಿ. ಹೋರಾಟದ ಮೆರವಣಿಗೇಲಿ ಅದರ ಸದ್ದಿಗೆ ನನ್ನ ಮೈಯೂ ಜುಂ ಅನ್ನುತ್ತೆ. ಸಾವಿಗೆ ಬಡಿದು ಬಂದ ಕಾಸಲ್ಲೇ ಮಗಳ ಫೀಸು ಕಟ್ಟೋ ಅಣ್ಣಂಗೆ ಬಿಡು ಅನ್ನೋಕೆ ನಂಗೆ ಬಾಯೂ ಬರಲ್ಲ. ನಾನು ಕೇಳೋದು ಒಂದೇ: ಇವತ್ತು ಬರಲ್ಲ ಅಂದ್ರೆ ನಾಳೆ ಅವನ ಹೆಂಡ್ತಿಗೆ ಕೂಲಿ ಸಿಗುತ್ತಾ? ಸಿಗೋ ಹಾಗಿದ್ರೆ ಅದು ಕಲೆ, ಇಲ್ದಿದ್ರೆ ಬಿಟ್ಟಿ ಚಾಕರಿ. ರೇಟು ಮೊದಲೇ ಮಾತಾಡ್ಲಿ, ಮನೆ ಮುಂದೆ ಕುರ್ಚಿ ಹಾಕಿ ಕೂರ್ಸಿ ಕಾಸು ಕೊಡ್ಲಿ.

ಇನ್ನು ನಮ್ಮ ಹೆಣ. ಊರೋರಿಗೆಲ್ಲಾ ಗುಂಡಿ ತೋಡಿದ ತಾತನನ್ನ ನಾವು ಮಣ್ಣು ಮಾಡಿದ್ದು ಕೆರೆ ಅಂಗಳದ ಅಂಚಲ್ಲಿ. ಕೆರೆ ತುಂಬಿದ ವರ್ಷ ಆ ಜಾಗ ಯಾವುದು ಅಂತಾನೇ ಗೊತ್ತಾಗ್ಲಿಲ್ಲ. ಅಪ್ಪ ನೀರಿನ ಕಡೆಗೇ ಎಡೆ ಇಟ್ಟು ಬಂದ್ರು.

ನಿಮ್ಮ ಕಾಲೋನಿಗೆ ಸ್ಮಶಾನ ಇಲ್ವಾ? ಊರಿನ ಹೆಸರು, ಹತ್ತಿರದ ಸರ್ಕಾರಿ ಜಮೀನಿನ ಸರ್ವೆ ನಂಬರ್ ಬರ್ಕೊಂಡು ನಂಗೆ ಕಳ್ಸಿ. ತಹಶೀಲ್ದಾರ್‌ಗೆ ಅರ್ಜಿ ಎಲ್ಲರದ್ದೂ ಒಟ್ಟಿಗೇ ಕೊಡೋಣ.