ಕೈರಾಟೆಯ ಹಿಡಿಕೆ



ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವನು ಕಬ್ಬಿಣದ ಯಂತ್ರವೊಂದನ್ನು ಕುರಿತು ಬರೆಯಹೊರಟರೆ ನಿಮಗೆ ನಗು ಬರುವುದು ಸಹಜ. ನಾಲತವಾಡದ ನಮ್ಮ ಹೊಲದಲ್ಲಿಯೂ ಎಲ್ಲರೂ ನಕ್ಕರು. "ತಮ್ಮಾ, ನೀ ಪಂಪನ ಪಾಠ ಹೇಳಾಂವ. ಈ ಪಂಪಿನ ವಿಚಾರ ನಿನಗ್ಯಾಕ?" ಎಂದು ನಮ್ಮ ಕಾಕಾ ಕೇಳಿದರು. ಇದು ಮುಂಜಾನೆಯ ಮಾತು. ಸಂಜೆಯ ಹೊತ್ತಿಗೆ ಅಲ್ಲಿ ನಗುವವರು ಯಾರೂ ಇರಲಿಲ್ಲ.

ಬೇಸಗೆಯಲ್ಲಿ ನೀರು ತಳ ಕಂಡಾಗ ಬಾವಿಯ ಹೂಳು ತೆಗೆಸುವುದು ರೈತರ ಹಳೆಯ ವಾಡಿಕೆ. ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಭಾರ ಎಳೆಯಲು ಎತ್ತುಗಳಿದ್ದವು. ಈಗ ಎತ್ತಿನ ಜೋಡಿ ಹುಡುಕಿದರೂ ಸಿಗದು. ಆದುದರಿಂದ ಕಾಕಾ ಪೇಟೆಯ ಅಂಗಡಿಯೊಂದರಿಂದ, ಜನರು ವಿಂಚ್ ಎಂದು ಕರೆಯುವ ಕೈರಾಟೆಯೊಂದನ್ನು ಕೊಂಡು ತಂದಿದ್ದರು. ಅದರ ಮೈಮೇಲೆ 500 ಕಿಲೋ ಎಂದು ಅಚ್ಚಾಗಿತ್ತು. 200 ಲೀಟರಿನ ಡ್ರಮ್ಮೊಂದನ್ನು ನಡುವೆ ಕತ್ತರಿಸಿ ಬುಟ್ಟಿ ಮಾಡಿದ್ದರು. ಮಧ್ಯಾಹ್ನದವರೆಗೆ ಕೆಲಸ ಸುಸೂತ್ರವಾಗಿ ನಡೆಯಿತು. ಆಮೇಲೆ ತುಂಬಿದ ಬುಟ್ಟಿಯೊಂದು ಮೇಲೇರುವಾಗ ಬಾವಿಯ ಗೋಡೆಯ ಕಲ್ಲಿಗೆ ಸಿಕ್ಕಿಕೊಂಡಿತು. ಅದನ್ನು ಗೇಣುದ್ದ ಇಳಿಸಿ ಬಿಡಿಸಿಕೊಳ್ಳೋಣವೆಂದು ಕಾಕಾನ ಮಗ ಹಲ್ಲುಗಾಲಿಯನ್ನು ತಡೆದಿದ್ದ ಪುಟ್ಟ ನಾಲಿಗೆಯನ್ನು ಎತ್ತಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಿಡಿಕೆ ಅವನ ಕೈಯಿಂದ ಕಿತ್ತುಕೊಂಡು, ಗರಗರನೆ ಹಿಂದಕ್ಕೆ ತಿರುಗಿ, ಮುಂಗೈಗೆ ಬಡಿಯಿತು. ಎಲುಬು ಮುರಿದ ಸದ್ದು ನನಗೂ ಕೇಳಿಸಿತು. ಬುಟ್ಟಿ ತಳಕ್ಕೆ ಅಪ್ಪಳಿಸಿತು. ತಳದಲ್ಲಿ ಹೂಳು ತುಂಬುತ್ತಿದ್ದ ಆಳು ಮಜ್ಜಿಗೆ ಕುಡಿಯಲು ಆಗ ತಾನೇ ಮೇಲೆ ಬಂದಿದ್ದ. ಒಂದು ತಂಬಿಗೆ ಮಜ್ಜಿಗೆ ಒಂದು ಜೀವವನ್ನು ಉಳಿಸಿತು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನದಿಂದ ಬಲ್ಲವರನ್ನು ಕೇಳಿ, ಪುಸ್ತಕ ತಿರುವಿ, ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲನೆಯದಾಗಿ ಭಾರದ ಲೆಕ್ಕ. ಅರ್ಧ ಡ್ರಮ್ಮು ನೀರು ತುಂಬಿದರೆ 100 ಕಿಲೋ. ಅದೇ ಡ್ರಮ್ಮಿನ ತುಂಬ ಹಸಿ ಹೂಳಿದ್ದರೆ 170–180 ಕಿಲೋ ಆಗುತ್ತದೆ. ನಾವಾದರೋ ಕಣ್ಣಂದಾಜಿನಿಂದ ಅದನ್ನು ಒಂದು ಚೀಲ ಜೋಳದಷ್ಟು ಎಂದುಕೊಂಡಿದ್ದೆವು.

ಎರಡನೆಯದು ರಾಟೆಯ ಬಲ. ಹಿಡಿಕೆಯ ತೋಳು 30 ಸೆಂಟಿಮೀಟರ್, ಹಗ್ಗ ಸುತ್ತುವ ಉರುಳೆಯ ತ್ರಿಜ್ಯ 5 ಸೆಂಟಿಮೀಟರ್ ಇದ್ದರೆ ನಮ್ಮ ಬಲ ಆರು ಪಟ್ಟಾಗುತ್ತದೆ. ನಡುವಿನ ಹಲ್ಲುಗಾಲಿಗಳು ಅದನ್ನು ಮತ್ತೆ ನಾಲ್ಕು ಪಟ್ಟು ಮಾಡಿದರೆ ಒಟ್ಟು 24 ಪಟ್ಟು. ತಿಕ್ಕಾಟದ ನಷ್ಟವನ್ನು ಸೇರಿಸಿದರೂ 180 ಕಿಲೋ ಭಾರವನ್ನು ಹತ್ತು ಹನ್ನೊಂದು ಕಿಲೋ ಒತ್ತಿನಿಂದ ಎತ್ತಬಹುದು. ಆದರೆ ಪ್ರಕೃತಿ ಯಾರಿಗೂ ಪುಕ್ಕಟೆಯಾಗಿ ಕೊಡುವುದಿಲ್ಲ. ಹಿಡಿಕೆಯ ಒಂದು ಸುತ್ತಿಗೆ ಭಾರ ಏರುವುದು ಎಂಟು ಸೆಂಟಿಮೀಟರ್ ಮಾತ್ರ. 40 ಅಡಿಯ ಬಾವಿಗೆ ಸುಮಾರು 150 ಸುತ್ತು ಬೇಕು. ಉರುಳೆಯ ಮೇಲೆ ಹಗ್ಗ ಪದರ ಪದರವಾಗಿ ಸುತ್ತಿಕೊಂಡಂತೆ ಅದರ ತ್ರಿಜ್ಯ ಬೆಳೆಯುತ್ತದೆ. 5 ಸೆಂಟಿಮೀಟರ್ 10 ಆಯಿತೆಂದರೆ ರಾಟೆಯ ಬಲ ಅರ್ಧಕ್ಕೆ ಇಳಿಯಿತು. ಮೈಮೇಲೆ ಬರೆದ ಅಂಕಿ ಸಾಮಾನ್ಯವಾಗಿ ಮೊದಲ ಪದರಕ್ಕೆ ಹೇಳಿದ ಮಾತು.

ಮೂರನೆಯದೇ ನಮ್ಮನ್ನು ಕೆಡಿಸಿದ್ದು. ಕೈರಾಟೆಗಳಲ್ಲಿ ಎಳೆಯುವವು ಬೇರೆ, ಎತ್ತುವವು ಬೇರೆ. ಗಾಲಿಯ ಮೇಲಿರುವ ಗಾಡಿಯನ್ನು ಎಳೆಯುವ ರಾಟೆಗೆ ಹಲ್ಲುಗಾಲಿ, ನಾಲಿಗೆ ಇವೆರಡಿದ್ದರೆ ಸಾಕು. ನಾಲಿಗೆಯನ್ನು ಎತ್ತಿದೊಡನೆ ಅಲ್ಲಿ ಭಾರವನ್ನು ತಡೆಯುವುದು ಮನುಷ್ಯನ ಮುಂಗೈ ಒಂದೇ. ಭಾರ ಎತ್ತಲು ಬೇಕಾದುದು ತನ್ನಷ್ಟಕ್ಕೆ ಬಿಗಿದುಕೊಳ್ಳುವ ಬ್ರೇಕುಳ್ಳ ರಾಟೆ. ಅದರಲ್ಲಿ ಹಿಡಿಕೆ ಬಿಟ್ಟರೂ ಭಾರ ಅಲ್ಲಿಯೇ ನಿಲ್ಲುತ್ತದೆ. ಇಳಿಸಬೇಕಾದರೂ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿಯೇ ಇಳಿಸಬೇಕು. ಕೊಳ್ಳುವಾಗ ಅಂಗಡಿಯವನನ್ನು "ಎಷ್ಟು ಎಳೀತದ?" ಎಂದು ಕೇಳುವುದರ ಜೊತೆಗೆ "ಎತ್ತಲಿಕ್ಕೆ ಬರ್ತದೇನು? ಬ್ರೇಕ್ ಎಲ್ಲೈತಿ ತೋರಿಸು" ಎಂದು ಕೇಳಿರಿ. ಆ ಬ್ರೇಕಿನ ಬಿಲ್ಲೆಗಳಿಗೆ ಎಣ್ಣೆ ತಾಗಕೂಡದು. ಹಲ್ಲುಗಾಲಿಗೆ ಎಣ್ಣೆ ಅಮೃತವಾದರೆ ಬ್ರೇಕಿಗೆ ಅದೇ ವಿಷ. ಚೈನ್ ಪುಲ್ಲಿಯನ್ನು ಕೊಳ್ಳುವವರು ಐ.ಎಸ್. 3832 ಎಂಬ ಭಾರತೀಯ ಮಾನಕದ ಗುರುತನ್ನು ನೋಡಿ ಕೊಳ್ಳುವುದು ಲೇಸು.

ಇನ್ನು ಕಟ್ಟುವ ಜಾಗ. ನಮ್ಮದು ಎರೆ ಭೂಮಿ. ಬೇಸಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಇಂದು ಭದ್ರವಾಗಿ ನಿಂತ ಗೂಟ ಒಂದು ಮಳೆಯಾದ ಮೇಲೆ ಹಲ್ಲಿನಂತೆ ಅಲುಗಾಡುತ್ತದೆ. ಆದುದರಿಂದ ಮುಕ್ಕಾಲಿಯ ಪಾದಗಳನ್ನು ಪರಸಿ ಕಲ್ಲಿನ ಮೇಲೆ ನಿಲ್ಲಿಸಿ, ಮೂರು ಕಾಲುಗಳೂ ಅಗಲವಾಗಿ ಜಾರದಂತೆ ಸರಪಳಿಯಿಂದ ಒಂದಕ್ಕೊಂದು ಬಿಗಿಯಬೇಕು.

ಉಕ್ಕಿನ ಹಗ್ಗದ ಎಳೆಗಳು ಕಡಿದಿವೆಯೇ, ಎಲ್ಲಿಯಾದರೂ ಮುರಿದಂತೆ ಮಡಿಸಿದೆಯೇ ಎಂದು ದಿನವೂ ನೋಡಬೇಕು. ನೋಡುವಾಗ ಬರಿಗೈ ಆಡಿಸಬಾರದು. ಸೂಜಿಯಂಥ ಎಳೆಗಳು ಅಂಗೈಯನ್ನು ಸೀಳುತ್ತವೆ. ಹಗ್ಗವನ್ನು ಪೂರ್ತಿ ಬಿಟ್ಟಾಗಲೂ ಉರುಳೆಯ ಮೇಲೆ ಕಡಿಮೆಯೆಂದರೆ ಮೂರು ಸುತ್ತು ಉಳಿದಿರಬೇಕು. ತುದಿಯನ್ನು ಕ್ಲಾಂಪಿನಿಂದ ಬಿಗಿಯುವಾಗ ಮೂರಕ್ಕೆ ಕಡಿಮೆ ಹಾಕಬಾರದು. ಕ್ಲಾಂಪಿನ ತಡಿಯಂಥ ಭಾಗ ಭಾರ ಹೊರುವ ಉದ್ದನೆಯ ಎಳೆಯ ಮೇಲಿರಬೇಕು, ಬಾಗಿದ ಬೋಲ್ಟು ಗಿಡ್ಡ ತುದಿಯ ಮೇಲಿರಬೇಕು. ಇದು ತಿರುಗುಮುರುಗಾದರೆ ಬೋಲ್ಟು ಭಾರ ಹೊರುವ ಎಳೆಯನ್ನೇ ಜಜ್ಜಿ ಅದರ ಸತ್ವ ಕಳೆಯುತ್ತದೆ. ಬಿಗಿದ ಹಗ್ಗವನ್ನು ದಾಟಬಾರದು. ಅದರ ನೇರಕ್ಕೆ ನಿಲ್ಲಬಾರದು. ಬುಟ್ಟಿಯಲ್ಲಿ ಮನುಷ್ಯರನ್ನು ಕೂಡಿಸಿ ಇಳಿಸಬಾರದು. ಭಾರ ಗಾಳಿಯಲ್ಲಿರುವಾಗ ಅದರ ಕೆಳಗೆ ಯಾರೂ ಇರಕೂಡದು. ಬಾವಿಯ ತಳದಲ್ಲಿರುವವನು ಮೇಲೆ ಬಂದ ಮೇಲೆಯೇ ಬುಟ್ಟಿ ಮೇಲೇರಬೇಕು. ಇದರಿಂದ ಕೆಲಸ ತಡವಾಗುತ್ತದೆ. ಆಗಲಿ.

ಇದು ಬಡ ರೈತನ ಬಾವಿಯ ಕಥೆಯಷ್ಟೇ ಎಂದು ಯಾರೂ ತಿಳಿಯಬಾರದು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು, ಸರಪಳಿ ಕಡಿದು, ನೀರಿನಲ್ಲಿ ಕೊಚ್ಚಿಹೋಯಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ಹೊಳೆಯ ನಡುವೆಯೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ, ಆಗಸ್ಟ್ 17ರ ವೇಳೆಗೆ ಆ ಬಾಯಿಯನ್ನು ಮುಚ್ಚಿದರು. ಅಷ್ಟರಲ್ಲಿ ಬೆಳೆಗೆಂದು ಕೂಡಿಟ್ಟಿದ್ದ ಅಪಾರ ನೀರು ಹರಿದುಹೋಗಿತ್ತು. ಅಷ್ಟು ದೊಡ್ಡ ಗೇಟು ಸಹ ಸರಪಳಿಯ ಕೊಂಡಿಯನ್ನು ನಂಬಿ ನಿಂತಿರುತ್ತದೆ. ಆ ಕೊಂಡಿಯನ್ನು ಕಾಲಕಾಲಕ್ಕೆ ನೋಡುವ ಕಣ್ಣೊಂದು ಬೇಕು.

ನನ್ನ ತಮ್ಮನ ಕೈ ಕೂಡಿದೆ, ಆದರೆ ಆ ವರುಷದ ಮುಂಗಾರಿನಲ್ಲಿ ಅವನು ಬಿತ್ತಲಿಲ್ಲ. ತೊಗರಿಯನ್ನು ನೆರೆಯವರು ಬಿತ್ತಿಕೊಟ್ಟರು. ಕಾಕಾ ಬ್ರೇಕುಳ್ಳ ರಾಟೆ ತಂದಿದ್ದಾರೆ, ಬುಟ್ಟಿಯನ್ನೂ ಸಣ್ಣದು ಮಾಡಿಸಿದ್ದಾರೆ. ಹೂಳು ತೆಗೆಯುವ ದಿನ ಗೊತ್ತಾದಾಗ ಕಾಲೇಜಿಗೆ ರಜೆ ಇದೆಯೇ ಎಂದು ಮೊದಲು ನನ್ನನ್ನು ಕೇಳುತ್ತಾರೆ. "ನೀ ಏನೂ ಎತ್ತಬ್ಯಾಡ ತಮ್ಮಾ," ಎನ್ನುತ್ತಾರೆ, "ಬರೇ ಆ ಹಗ್ಗ ನೋಡ್ಕೋತ ನಿಂದ್ರು."