ಬೋರ್‌ವೆಲ್‌ಗೆ ಅಡಿ ಲೆಕ್ಕ, ಪೈಲಟ್ ತರಬೇತಿಗೆ ಗಂಟೆ ಲೆಕ್ಕ

ಕಳೆದ ತಿಂಗಳು ತಂದೆಯೊಬ್ಬರು ನಮ್ಮ ಮುಂದೆ ಎರಡು ಕಾಗದ ಇಟ್ಟರು. ಒಂದು ನಾಲ್ಕು ಎಕರೆಯ ಪಹಣಿ. ಇನ್ನೊಂದು ಪೈಲಟ್ ತರಬೇತಿ ಶಾಲೆಯೊಂದರ ಬಣ್ಣದ ಕರಪತ್ರ. "ನೀವು ಓದಿದವರು. ಇದನ್ನು ಅಡ ಇಟ್ಟು ಅದಕ್ಕೆ ಹಣ ಕಟ್ಟಬಹುದಾ ಹೇಳಿ" ಅಂದರು. ಮಗಳು ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ, ವಿಮಾನ ಹಾರಿಸಬೇಕು ಅಂತ ಹಟ ಹಿಡಿದಿದ್ದಾಳೆ.

ಕರಪತ್ರದಲ್ಲಿ ಬಿಳಿ ಅಂಗಿ ಇತ್ತು, ಭುಜದ ಮೇಲೆ ನಾಲ್ಕು ಚಿನ್ನದ ಪಟ್ಟಿ ಇತ್ತು, ಹಿಂದೆ ದೊಡ್ಡ ಜೆಟ್ ವಿಮಾನ ಇತ್ತು. ಇಲ್ಲದ್ದು ಒಂದೇ. ಈ ಹಣಕ್ಕೆ ಹುಡುಗಿ ತಿಂಗಳಿಗೆ ಎಷ್ಟು ಗಂಟೆ ಹಾರುತ್ತಾಳೆ ಎಂಬ ಮಾತು ಎಲ್ಲೂ ಇರಲಿಲ್ಲ.

ಅವರಿಗೆ ಅಂದು ಉತ್ತರ ಕೊಡಲು ನಮಗೆ ಆಗಲಿಲ್ಲ. ಆಮೇಲೆ ಕೂತು ನಿಯಮಗಳನ್ನು ಓದಿದೆವು. ತರಬೇತಿ ಮುಗಿಸಿದವರನ್ನೂ, ಅರ್ಧಕ್ಕೆ ಸಿಕ್ಕಿಕೊಂಡವರನ್ನೂ ಮಾತನಾಡಿಸಿದೆವು. ಈಗ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಪೈಲಟ್ ಶಾಲೆಯಲ್ಲಿ ನಾವು ಕೊಳ್ಳುವುದು ಕನಸನ್ನಲ್ಲ, ಹಾರಾಟದ ಗಂಟೆಗಳನ್ನು. ಗಂಟೆಯ ಲೆಕ್ಕ ಕೊಡದ ಶಾಲೆಗೆ ಒಂದು ರೂಪಾಯಿಯನ್ನೂ ಮುಂಗಡ ಕಟ್ಟಬಾರದು.

ಯಾಕೆ ಈಗ ಈ ಮಾತು

ಪೈಲಟ್ ಆಗುವುದು ಊರಿನ ಮಕ್ಕಳಿಗೆ ಈಗ ತೀರಾ ದೂರದ ಮಾತಾಗಿ ಉಳಿದಿಲ್ಲ. 2023ರಲ್ಲಿ ಏರ್ ಇಂಡಿಯಾ 470 ವಿಮಾನ, ಇಂಡಿಗೊ 500 ವಿಮಾನ ಕೊಳ್ಳುವುದಾಗಿ ಹೇಳಿದವು. ಅಂದಿನಿಂದ "ಪೈಲಟ್‌ಗಳಿಗೆ ಭಾರಿ ಬೇಡಿಕೆ" ಎಂಬ ಜಾಹೀರಾತು ನಮ್ಮ ಫೋನಿಗೂ ಬರುತ್ತಿದೆ.

ಶಾಲೆಗಳೂ ಹತ್ತಿರ ಬಂದಿವೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಮೊದಲಿನಿಂದ ಇದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ತರಬೇತಿ ಶಾಲೆಗಳಿಗಾಗಿ ದೇಶದ ಐದು ನಿಲ್ದಾಣಗಳನ್ನು ಆರಿಸಿದಾಗ ಎರಡು ನಮ್ಮವೇ ಆಗಿದ್ದವು: ಬೆಳಗಾವಿ ಮತ್ತು ಕಲಬುರಗಿ. ಆ ಕಡೆಯ ಹೊಲಗಳಲ್ಲಿ ಕೆಲಸ ಮಾಡುವವರಿಗೆ ತಲೆ ಮೇಲೆ ಸುತ್ತುವ ಪುಟ್ಟ ವಿಮಾನ ಈಗ ಹೊಸತಲ್ಲ.

ಒಳ್ಳೆಯದೇ. ಆದರೆ ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಡೆಸಿ ನೋಡಿ, ನೊಗಕ್ಕೆ ಕಟ್ಟಿ ನೋಡಿ ಹಣ ಎಣಿಸುವ ನಾವು, ನಲವತ್ತು ಐವತ್ತು ಲಕ್ಷದ ವಿಚಾರಕ್ಕೆ ಬಂದಾಗ ಇಂಗ್ಲಿಷ್ ಕೇಳಿ ಸುಮ್ಮನಾಗುತ್ತೇವೆ. ಅದು ಸರಿಯಲ್ಲ.

ಕಾನೂನು ಕೇಳುವುದು ಏನು

ವಿಮಾನ ಕಂಪನಿಯಲ್ಲಿ ಪೈಲಟ್ ಆಗಲು ಬೇಕಾದದ್ದು ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್. ಕೊಡುವುದು ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಎಲ್ಲರೂ ಡಿಜಿಸಿಎ ಅನ್ನುತ್ತಾರೆ. 18 ವರ್ಷ ತುಂಬಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಪಾಸಾಗಿರಬೇಕು. ದಿಕ್ಕು ಕಂಡುಹಿಡಿಯುವ ವಿದ್ಯೆ, ಹವಾಮಾನ, ವಾಯು ನಿಯಮ, ವಿಮಾನದ ತಾಂತ್ರಿಕ ವಿಷಯಗಳಲ್ಲಿ ಪರೀಕ್ಷೆ ಇರುತ್ತದೆ. ಪಾಸಾಗಲು 70 ಅಂಕ ಬೇಕು. ರೇಡಿಯೊದಲ್ಲಿ ಮಾತಾಡುವ ಪರವಾನಗಿ ಬೇರೆ.

ಇವೆಲ್ಲಕ್ಕಿಂತ ದೊಡ್ಡದು 200 ಗಂಟೆಗಳ ಹಾರಾಟ. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಹೊತ್ತ ಪೈಲಟ್ ಆಗಿ ಹಾರಿರಬೇಕು. ಒಂದು ಊರಿಂದ ಇನ್ನೊಂದು ಊರಿಗೆ, ರಾತ್ರಿ ಹೊತ್ತು, ಬರೀ ಉಪಕರಣ ನೋಡಿಕೊಂಡು ಹಾರಿದ ಗಂಟೆಗಳೂ ಬೇಕು. ಅರ್ಜಿ ಹಾಕುವ ಮುಂಚಿನ ಆರು ತಿಂಗಳಲ್ಲಿ ಇಂತಿಷ್ಟು ಹಾರಿರಲೇಬೇಕು ಎಂಬ ಷರತ್ತೂ ಇದೆ.

ಈ ಕೊನೆಯ ಷರತ್ತನ್ನು ಮನೆಯವರು ಗಮನಿಸುವುದಿಲ್ಲ. ಶಾಲೆ ತಡ ಮಾಡಿದರೆ ವರ್ಷವಷ್ಟೇ ಹಾಳಾಗುವುದಿಲ್ಲ. ಹಳೆಯ ಹಾರಾಟ ಆ ಷರತ್ತಿಗೆ ಲೆಕ್ಕಕ್ಕೆ ಬಾರದೆ, ಮತ್ತೆ ಹಣ ಕೊಟ್ಟು ಹಾರಬೇಕಾಗುತ್ತದೆ.

ಗುಣಾಕಾರ ಮಾಡಿ ನೋಡಿ

ಒಂದು ಶಾಲೆಯಲ್ಲಿ ಆರು ವಿಮಾನ ಇವೆ ಅನ್ನಿ. ಆರೂ ಒಂದೇ ದಿನ ಹಾರುವುದಿಲ್ಲ. ಟ್ರ್ಯಾಕ್ಟರಿನಂತೆ ವಿಮಾನಕ್ಕೂ ಇಂತಿಷ್ಟು ಗಂಟೆಗೊಮ್ಮೆ ಸರ್ವಿಸ್ ಕಡ್ಡಾಯ, ಬಿಡಿಭಾಗ ಬರುವುದು ತಡವಾಗಬಹುದು. ನಾಲ್ಕು ಹಾರುತ್ತವೆ ಎಂದುಕೊಳ್ಳೋಣ. ಒಂದೊಂದು ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಲ್ಲಿ 25 ದಿನ ಹಾರಿದರೆ ಒಟ್ಟು 400 ಗಂಟೆ.

ಶಾಲೆಯಲ್ಲಿ 25 ವಿದ್ಯಾರ್ಥಿಗಳಿದ್ದರೆ ತಲೆಗೆ 16 ಗಂಟೆ. 200 ಗಂಟೆ ಮುಗಿಯಲು ಹೆಚ್ಚುಕಡಿಮೆ ಒಂದು ವರ್ಷ. ಅದೇ ಶಾಲೆ 60 ಜನರನ್ನು ಸೇರಿಸಿಕೊಂಡರೆ ತಲೆಗೆ ಆರೂವರೆ ಗಂಟೆ. ಆಗ ಎರಡೂವರೆ ವರ್ಷ. ಮಳೆಗಾಲ, ಮಂಜು, ಪರೀಕ್ಷೆ ಎಲ್ಲ ಸೇರಿದರೆ ಮೂರು.

ಅಷ್ಟು ದಿನ ಬ್ಯಾಂಕಿನವರು ಕಾಯುವುದಿಲ್ಲ. 40 ಲಕ್ಷ ಸಾಲಕ್ಕೆ ನೂರಕ್ಕೆ 10ರ ಬಡ್ಡಿ, ಹತ್ತು ವರ್ಷದ ಕಂತು ಅಂದರೆ ತಿಂಗಳಿಗೆ ಸುಮಾರು 53 ಸಾವಿರ ರೂಪಾಯಿ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ಪಹಣಿ ಹೊರಗೆ ಬರುವುದು ಇದೇ ಕಾರಣಕ್ಕೆ.

ಹಾಗಾಗಿ ಶಾಲೆಗೆ ಹೋದಾಗ "ನಿಮ್ಮಲ್ಲಿ ಎಷ್ಟು ವಿಮಾನ ಇವೆ" ಅಂತ ಕೇಳಬೇಡಿ. "ಇವತ್ತು ಎಷ್ಟು ಹಾರುತ್ತಿವೆ, ಈಗ ಎಷ್ಟು ವಿದ್ಯಾರ್ಥಿಗಳಿದ್ದಾರೆ, ಕಳೆದ ವರ್ಷ ಸೇರಿದವರು ಈಗ ಎಷ್ಟು ಗಂಟೆ ಮುಟ್ಟಿದ್ದಾರೆ" ಅಂತ ಕೇಳಿ. ಕಚೇರಿಯಲ್ಲಿ ಕೇಳಿದ್ದನ್ನೇ ಕ್ಯಾಂಟೀನಿನಲ್ಲಿ ಕೂತ ಹುಡುಗರನ್ನೂ ಕೇಳಿ. ಎರಡೂ ಉತ್ತರ ಒಂದೇ ಆಗಿದ್ದರೆ ಆ ಶಾಲೆಯ ಬಗ್ಗೆ ಅರ್ಧ ನಂಬಿಕೆ ಇಡಬಹುದು.

ಹಣ ಕಟ್ಟುವ ರೀತಿ

ಬೋರ್‌ವೆಲ್ ಲಾರಿಯವರಿಗೆ ನಾವು ಅಡಿ ಲೆಕ್ಕದಲ್ಲಿ ಹಣ ಕೊಡುತ್ತೇವೆ. ಸಾವಿರ ಅಡಿಯ ಹಣ ಮೊದಲೇ ಕೊಡಿ ಅಂದರೆ ಲಾರಿಯನ್ನು ವಾಪಸ್ ಕಳಿಸುತ್ತೇವೆ. ಇಲ್ಲೂ ಅದೇ ನ್ಯಾಯ ಇರಬೇಕು. ಕಂತಿನಲ್ಲಿ ಕಟ್ಟಬೇಕು. ಹಿಂದಿನ ಕಂತಿನ ಗಂಟೆ ಮುಗಿದ ಮೇಲೆ ಮುಂದಿನದು. ಹಾರದ ಗಂಟೆಯ ಹಣ ವಾಪಸ್ ಬರುತ್ತದೆಯೇ, ಎಷ್ಟು ದಿನದಲ್ಲಿ, ಇಂಧನ ಬೆಲೆ ಏರಿದರೆ ಹೆಚ್ಚುವರಿ ಯಾರ ತಲೆಗೆ, ವಿಮಾನ ಕೆಟ್ಟು ತಿಂಗಳುಗಟ್ಟಲೆ ನಿಂತರೆ ಹಾಸ್ಟೆಲ್ ಖರ್ಚು ಯಾರದು, ಇವೆಲ್ಲ ಕಾಗದದ ಮೇಲೆ ಬರಬೇಕು. "ಅದೆಲ್ಲ ಆಗುತ್ತೆ ಬಿಡಿ" ಎಂಬ ಬಾಯಿಮಾತಿಗೆ ಬೆಲೆ ಇಲ್ಲ.

"ಇವತ್ತೇ ಪೂರ್ತಿ ಕಟ್ಟಿದರೆ ಐದು ಲಕ್ಷ ರಿಯಾಯಿತಿ" ಎಂದವರ ಮಾತನ್ನು ನಂಬಿ ಸಿಕ್ಕಿಕೊಂಡ ಒಬ್ಬ ಹುಡುಗನನ್ನು ನಾವು ಭೇಟಿ ಮಾಡಿದೆವು. ಎರಡು ವರ್ಷ ಆಗಿದೆ, ನೂರು ಗಂಟೆ ಮುಟ್ಟಿಲ್ಲ. ಊರಿಗೆ ಬರಲು ನಾಚಿಕೆ ಅನ್ನುತ್ತಾನೆ. ಬಂದರೆ ಎಲ್ಲರೂ "ಯಾವಾಗ ನಮ್ಮನ್ನು ವಿಮಾನದಲ್ಲಿ ಕೂರಿಸ್ತೀಯ" ಅಂತ ಕೇಳುತ್ತಾರಂತೆ. ನಾಚಿಕೆ ಪಡಬೇಕಾದವನು ಅವನಲ್ಲ.

ಹಾರಿಸದಿರುವುದೂ ಒಂದು ಪಾಠ

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಹಾರಾಟ ರದ್ದಾದಾಗಲೆಲ್ಲ ಶಾಲೆ ಮೋಸ ಮಾಡಿತು ಅಂತಲ್ಲ. ಮೋಡ ಕವಿದಾಗ, ಅಡ್ಡಗಾಳಿ ಬಲವಾದಾಗ, ಹುಡುಗ ರಾತ್ರಿ ನಿದ್ದೆ ಇಲ್ಲದೆ ಬಂದಾಗ "ಇವತ್ತು ಬೇಡ" ಅನ್ನುವ ಬೋಧಕ ಒಳ್ಳೆಯ ಬೋಧಕ. ಬೇಸಿಗೆಯ ಮಧ್ಯಾಹ್ನ ಬಿಸಿಗಾಳಿ ತೆಳುವಾಗಿ ಪುಟ್ಟ ವಿಮಾನ ಏರುವುದಕ್ಕೇ ಒದ್ದಾಡುತ್ತದೆ. ಕಲಬುರಗಿಯ ಏಪ್ರಿಲ್ ಬಿಸಿಲು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

2023ರ ಮೇ ತಿಂಗಳ ಕೊನೆಯಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣದ ಹತ್ತಿರ ತರಬೇತಿ ವಿಮಾನವೊಂದು ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದವರ ಜೀವ ಉಳಿಯಿತು. ಎಂಜಿನ್ ಕೈಕೊಟ್ಟರೆ ಯಾವ ಹೊಲ ಆರಿಸಬೇಕು, ಹೇಗೆ ಇಳಿಸಬೇಕು ಎಂಬುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದು ಇಂಥ ದಿನಕ್ಕೇ.

ಆದ್ದರಿಂದ ರದ್ದಾದ ದಿನಗಳನ್ನು ಎರಡಾಗಿ ಬೇರ್ಪಡಿಸಿ ಬರೆದಿಡಿ. ಹವಾಮಾನ, ಸುರಕ್ಷತೆ ಕಾರಣ ಒಂದು ಕಡೆ. ವಿಮಾನ ಇಲ್ಲ, ಬೋಧಕ ಇಲ್ಲ, ಇಂಧನ ಇಲ್ಲ ಎಂಬ ಕಾರಣ ಇನ್ನೊಂದು ಕಡೆ. ಮೊದಲನೆಯದಕ್ಕೆ ಶಾಲೆಗೆ ಕೃತಜ್ಞತೆ ಹೇಳಿ. ಎರಡನೆಯದಕ್ಕೆ ಉತ್ತರ ಕೇಳಿ.

ಹಾರದೆಯೇ ಗಂಟೆ ಬರೆದುಕೊಡುತ್ತೇವೆ ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ದೇಶದಲ್ಲಿ ಜೈಲು ಕಂಡಿದ್ದಾರೆ. ಜೈಲಿಗಿಂತ ದೊಡ್ಡ ಮಾತು ಇನ್ನೊಂದಿದೆ. ಕಾಗದದ ಮೇಲಿನ ಗಂಟೆ ಆಕಾಶದಲ್ಲಿ ಕೈ ಹಿಡಿಯುವುದಿಲ್ಲ.

ಶಾಲೆಯಿಂದ ಏನನ್ನು ನಿರೀಕ್ಷಿಸಬೇಕು

ಪ್ರತಿ ಹಾರಾಟಕ್ಕೆ ಮುಂಚೆ ಬೋಧಕರು ಕೂತು ಇವತ್ತಿನ ಪಾಠ ಏನು ಅಂತ ಹೇಳಬೇಕು. ಇಳಿದ ಮೇಲೆ ಎಲ್ಲಿ ತಪ್ಪಾಯಿತು ಅಂತ ತಿಳಿಸಬೇಕು. ಬೈಗುಳ ಪಾಠವಲ್ಲ. ಬೋಧಕರು ತಿಂಗಳಿಗೊಬ್ಬರು ಬದಲಾದರೆ ಹುಡುಗರು ಮೊದಲಿಂದ ಶುರು ಮಾಡುತ್ತಲೇ ಇರುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ವಿಮಾನದ ರೇಡಿಯೊ ಭಾಷೆ ಇಂಗ್ಲಿಷ್, ಅದಕ್ಕೂ ಪರೀಕ್ಷೆ ಇದೆ. ಆದರೆ ಅದು ಕಾದಂಬರಿ ಬರೆಯುವ ಇಂಗ್ಲಿಷ್ ಅಲ್ಲ. ಸ್ಪಷ್ಟವಾಗಿ ಹೇಳಬೇಕು, ಕೇಳಿಸಿಕೊಳ್ಳಬೇಕು, ಅರ್ಥವಾಗದಿದ್ದರೆ ಮತ್ತೆ ಹೇಳಿ ಅನ್ನಬೇಕು. "ಅರ್ಥವಾಗಲಿಲ್ಲ" ಅಂದ ವಿದ್ಯಾರ್ಥಿಯನ್ನು ನೋಡಿ ನಗುವ ಶಾಲೆ ಅಪಾಯದ ಶಾಲೆ. ಅಲ್ಲಿ ಮಕ್ಕಳು ಅರ್ಥವಾಗದೆಯೇ ತಲೆಯಾಡಿಸುವುದನ್ನು ಕಲಿಯುತ್ತಾರೆ.

ತಾವು ಹಾರಿದ ಗಂಟೆಯನ್ನು ಅದೇ ದಿನ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳುವುದು, ಫೋನಿನಲ್ಲಿ ಅದರ ಫೋಟೊ ಇಟ್ಟುಕೊಳ್ಳುವುದು ವಿದ್ಯಾರ್ಥಿಯ ಕೆಲಸ. ದೂರನ್ನು ಬರವಣಿಗೆಯಲ್ಲೇ ಕೊಡಿ. ಮೊದಲು ಶಾಲೆಗೆ, ಆಮೇಲೆ ಡಿಜಿಸಿಎಗೆ.

ಇನ್ನೊಂದನ್ನು ಶಾಲೆಗೆ ಹೋಗುವ ಮುಂಚೆಯೇ ಮಾಡಬೇಕು. ಡಿಜಿಸಿಎ ಒಪ್ಪಿದ ವೈದ್ಯರಿಂದ ವೈದ್ಯಕೀಯ ಪರೀಕ್ಷೆ ಮಾಡಿಸಿ. ಕಣ್ಣಿಗೆ ಬಣ್ಣ ಗುರುತಿಸುವ ತೊಂದರೆ ಇದ್ದರೆ, ಹೃದಯದ್ದೋ ಕಿವಿಯದ್ದೋ ಸಮಸ್ಯೆ ಇದ್ದರೆ ಆಗಲೇ ಗೊತ್ತಾಗಲಿ. ಹಣ ಕಟ್ಟಿದ ಮೇಲೆ ಗೊತ್ತಾದರೆ ಅಳುವುದೊಂದೇ ಉಳಿಯುತ್ತದೆ.

ಮತ್ತೆ, ಲೈಸೆನ್ಸ್ ಸಿಕ್ಕ ಕೂಡಲೇ ಕೆಲಸ ಸಿಗುತ್ತದೆ ಎಂಬ ಭರವಸೆಯನ್ನು ಯಾವ ಶಾಲೆಯೂ ಕೊಡಲಾರದು. ದೊಡ್ಡ ಜೆಟ್ ಹಾರಿಸಲು ಆ ಮಾದರಿಗೇ ಪ್ರತ್ಯೇಕ ತರಬೇತಿ ಬೇಕು, ಅದಕ್ಕೆ ಮತ್ತೆ ಹತ್ತಾರು ಲಕ್ಷ. ಕರಪತ್ರದ ಫೋಟೊದಲ್ಲಿದ್ದ ಜೆಟ್ ಆ ಶಾಲೆಯಲ್ಲಿ ಇರುವುದಿಲ್ಲ.

ಸರ್ಕಾರ ಮಾಡಬೇಕಾದದ್ದು

2025ರಲ್ಲಿ ಡಿಜಿಸಿಎ ಮೊದಲ ಬಾರಿಗೆ ಪೈಲಟ್ ಶಾಲೆಗಳಿಗೆ ದರ್ಜೆ ಕೊಡಲು ಶುರು ಮಾಡಿತು. ಮೊದಲ ಪಟ್ಟಿಯಲ್ಲಿ ಅತ್ಯುನ್ನತ ದರ್ಜೆ ಯಾವ ಶಾಲೆಗೂ ಸಿಗಲಿಲ್ಲ. ಆ ಪಟ್ಟಿ ನೋಡದೆ ಯಾರೂ ಶಾಲೆ ಆರಿಸಬೇಡಿ. ಪಟ್ಟಿ ತಂದದ್ದು ಒಳ್ಳೆಯ ಹೆಜ್ಜೆ, ಆದರೆ ಸಾಲದು. ಪ್ರತಿ ಶಾಲೆಯೂ ತಿಂಗಳಿಗೊಮ್ಮೆ ಮೂರು ಸಂಖ್ಯೆಗಳನ್ನು ಗೇಟಿನ ಬೋರ್ಡಿನ ಮೇಲೆ ಬರೆಯಬೇಕು: ಎಷ್ಟು ವಿದ್ಯಾರ್ಥಿಗಳು, ಎಷ್ಟು ವಿಮಾನ ಹಾರಿದವು, ತಲೆಗೆ ಎಷ್ಟು ಗಂಟೆ ಸಿಕ್ಕಿತು. ಹಾಲಿನ ಡೈರಿಯಲ್ಲಿ ಫ್ಯಾಟ್ ಎಷ್ಟು, ದರ ಎಷ್ಟು ಅಂತ ಪ್ರತಿದಿನ ಚೀಟಿ ಕೊಡುತ್ತಾರೆ. ಲೀಟರ್ ಹಾಲಿಗೆ ಇರುವ ಲೆಕ್ಕ 40 ಲಕ್ಷಕ್ಕೆ ಯಾಕೆ ಇರಬಾರದು?

ಬಡವರ ಮಕ್ಕಳಿಗೆ ಇನ್ನೂ ಒಂದು ಬೇಕು. ಹೊಲ ಇದ್ದವರು ಅಡ ಇಡುತ್ತಾರೆ, ಹೊಲವೇ ಇಲ್ಲದವರು ಏನು ಇಡಬೇಕು? ರಾಜ್ಯದ ಶಾಲೆಯನ್ನು ಗಟ್ಟಿ ಮಾಡಿ, ಅಲ್ಲಿ ಗ್ರಾಮೀಣ ಮಕ್ಕಳಿಗೆ ಪೂರ್ತಿ ಶುಲ್ಕದ ಸೀಟುಗಳನ್ನು ಸರ್ಕಾರ ಕೊಡಬೇಕು ಎಂಬುದು ನಮ್ಮ ಒತ್ತಾಯ.

ಪಹಣಿ ತಂದಿದ್ದ ತಂದೆಯನ್ನು ಮೊನ್ನೆ ಮತ್ತೆ ಭೇಟಿಯಾದೆವು. ಮಗಳ ವೈದ್ಯಕೀಯ ಪರೀಕ್ಷೆ ಪಾಸಾಗಿದೆ. ಈಗ ಮನೆಯಲ್ಲೇ ಹವಾಮಾನ ವಿಷಯದ ಪುಸ್ತಕ ಓದುತ್ತಿದ್ದಾಳೆ. ಹಣ ಇನ್ನೂ ಕಟ್ಟಿಲ್ಲ. ಮೂರು ಶಾಲೆಗೆ ಫೋನ್ ಮಾಡಿ "ತಿಂಗಳಿಗೆ ಎಷ್ಟು ಗಂಟೆ" ಅಂತ ಅವಳೇ ಕೇಳಿದಳಂತೆ. ಎರಡು ಕಡೆ ಫೋನ್ ಇಟ್ಟರು. ಒಂದು ಕಡೆ "ಬಂದು ನಮ್ಮ ದಾಖಲೆ ನೋಡಿ" ಅಂದರು. ಮುಂದಿನ ವಾರ ಅಪ್ಪ ಮಗಳು ಅಲ್ಲಿಗೆ ಹೋಗುತ್ತಿದ್ದಾರೆ. ಪಹಣಿ ಮನೆಯಲ್ಲೇ ಬಿಟ್ಟು ಹೋಗಿ ಅಂತ ಹೇಳಿದ್ದೇವೆ.